ಹಿಡಿಕೆಯಿಲ್ಲದ ಸರಪಳಿ

ಮೇ ತಿಂಗಳು, ಉರಿ ಮಧ್ಯಾಹ್ನ. ನೀವು ಪಿರಿಯಾಪಟ್ಟಣ ತಾಲ್ಲೂಕಿನ ಒಂದು ಕೃಷಿ ಹೊಂಡದ ಏರಿಯ ಮೇಲೆ ಬರಿಗಾಲಲ್ಲಿ ನಿಂತಿದ್ದೀರಿ. ದೂರದಲ್ಲಿ ಬೆಟ್ಟದಪುರದ ಸಿಡಿಲು ಮಲ್ಲಿಕಾರ್ಜುನನ ಬೆಟ್ಟ ಬಿಸಿಲ ಝಳಕ್ಕೆ ಅಲುಗಾಡುತ್ತಿದೆ. ಹಿಂದಿನ ಕೆಂಪು ಹೊಲದಲ್ಲಿ ಹೆಂಗಸರು ಸಾಲು ಹಿಡಿದು ಹೊಗೆಸೊಪ್ಪಿನ ಸಸಿ ನೆಡುತ್ತಿದ್ದಾರೆ. ಮಳೆ ಕೈಕೊಟ್ಟಿದೆ, ಗುಳಿ ಗುಳಿಗೂ ಚೊಂಬಿನಲ್ಲಿ ನೀರು ಹುಯ್ಯಬೇಕು. ಆದರೆ ಡೀಸೆಲ್ ಪಂಪು ಬಡಿದುಕೊಳ್ಳುತ್ತಿದೆಯೇ ಹೊರತು ಪೈಪಿನ ಬಾಯಿಂದ ಬರುತ್ತಿರುವುದು ಬರೀ ಗಾಳಿ.

“ಫುಟ್‌ವಾಲ್ವಿಗೆ ಪಾಚಿ ಸಿಕ್ಕಾಕೊಂಡದೆ. ವಸಿ ಇಳ್ದು ನೋಡ್ತೀಯಾ ಮಗ?” ಅನ್ನುತ್ತಾರೆ ಚಿಕ್ಕಪ್ಪ.

ಹೊಂಡ ದೊಡ್ಡದೇನಲ್ಲ. ಹನ್ನೆರಡು ಮೀಟರ್ ಉದ್ದ, ಅಷ್ಟೇ ಅಗಲ, ಮೂರು ಮೀಟರ್ ಆಳ. 2014ರಲ್ಲಿ ಕೃಷಿ ಭಾಗ್ಯ ಯೋಜನೆ ಬಂದ ಮೇಲೆ ರಾಜ್ಯದ ಮಳೆಯಾಶ್ರಿತ ಹೊಲಗಳಲ್ಲಿ ಇಂಥವು ಸಾವಿರಾರು ಎದ್ದಿವೆ. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಕಡೆಯ ಕೆಂಪು ಮಣ್ಣು ನೀರನ್ನು ಬೇಗ ಕುಡಿಯುತ್ತದೆ. ಅದಕ್ಕೇ ತಳಕ್ಕೂ ನಾಲ್ಕು ಬದಿಗೂ 500 ಮೈಕ್ರಾನ್ ದಪ್ಪದ ಕಪ್ಪು ಪಾಲಿಥೀನ್ ಹಾಳೆ ಹಾಸಿದೆ. ಪಾಲಿಥೀನ್ ಪಟ್ಟಿಗಳನ್ನೇ ಬಟ್ಟೆಯಾಗಿ ನೇಯ್ದು, ಮೇಲೆ ಕೆಳಗೆ ಪಾಲಿಥೀನನ್ನೇ ಲೇಪಿಸಿದ ಹಾಳೆ ಅದು.

ಮೊದಲ ಹೆಜ್ಜೆ ಇಡುತ್ತೀರಿ. ಅಂಗಾಲು ಚುರ್ ಅನ್ನುತ್ತದೆ. ಕಾದ ಪ್ಲಾಸ್ಟಿಕ್ಕಿನ ವಾಸನೆ, ಅದರ ಕೆಳಗೆ ನಿಂತ ನೀರಿನ ಹಸಿ ವಾಸನೆ. ಒಂದು ಕೈಲಿ ಪಂಪಿನ ಪೈಪು ಹಿಡಿದು, ಬೆನ್ನು ಇಳಿಜಾರಿಗೆ ಒತ್ತಿ, ನಿಧಾನ ಇಳಿಯುತ್ತೀರಿ. ನೀರಂಚಿನಿಂದ ಕೆಳಗೆ ಹಾಳೆ ತಣ್ಣಗಿದೆ. ತಣ್ಣಗಷ್ಟೇ ಅಲ್ಲ, ಲೋಳೆ ಲೋಳೆಯಾಗಿದೆ. ಇನ್ನೊಂದು ಹೆಜ್ಜೆ ಇಟ್ಟರೆ ಪೈಪಿನ ತುದಿಯ ವಾಲ್ವು ಕೈಗೆ ಸಿಗುತ್ತದೆ, ಆದರೆ ಅದಕ್ಕೆ ಪೈಪು ಬಿಡಬೇಕು. ಬಿಡಲೇ? ಮೇಲೆ ಹೆಂಗಸರು ಬಿಸಿಲಲ್ಲಿ ಕಾಯುತ್ತಿದ್ದಾರೆ. ಬೇರಿಗೆ ನೀರು ಸಿಗದ ಸಸಿಗಳು ಸಂಜೆಯೊಳಗೆ ಬಾಡುತ್ತವೆ.

ಬಿಡುತ್ತೀರಿ.

ಕಾಲು ಜಾರುತ್ತದೆ. ಸದ್ದೇ ಇಲ್ಲ. ನೀರು ಎದೆಗೆ, ಗದ್ದಕ್ಕೆ, ಮೂಗಿಗೆ. ಕೈ ಚಾಚಿ ಹಾಳೆಯನ್ನು ಒತ್ತುತ್ತೀರಿ, ಜಾರುತ್ತದೆ. ಉಗುರು ಊರುತ್ತೀರಿ, ಜಾರುತ್ತದೆ. ಮೊಣಕಾಲು ಮಡಿಸಿ ಒದೆಯುತ್ತೀರಿ. ಒದ್ದಷ್ಟೂ ದೇಹ ಹೊಂಡದ ನಡುವಿಗೆ ಸರಿಯುತ್ತದೆ. ಈಜು ಬರುತ್ತದೆ ನಿಮಗೆ. ಲಕ್ಷ್ಮಣತೀರ್ಥದಲ್ಲಿ ಈಜಿ ಬೆಳೆದವರು ನೀವು. ಆದರೆ ಹೊಳೆಗೆ ದಡವಿದೆ, ದಡಕ್ಕೆ ಬೇರಿದೆ, ಕಲ್ಲಿದೆ, ಹುಲ್ಲಿದೆ. ಇಲ್ಲಿ ನಾಲ್ಕು ಕಡೆಯೂ ಒಂದೇ ನುಣುಪು. ಕಿವಿಯಲ್ಲಿ ನಿಮ್ಮದೇ ಎದೆಬಡಿತ. ಗಂಟಲಿಗೆ ಪಾಚಿ ನೀರು.

“ಒದೀಬ್ಯಾಡ! ಅಲ್ಲಾಡ್ದೆ ತೇಲು! ಹಗ್ಗ ಎಸೀತೀನಿ, ಕೈಗೆ ಸುತ್ಕೊ!”

ಒದೆಯುವುದನ್ನು ನಿಲ್ಲಿಸುವುದು ಎಷ್ಟು ಕಷ್ಟ! ದೇಹ ಕೇಳುವುದಿಲ್ಲ. ಹೇಗೋ ಅಂಗಾತ ಮಲಗುತ್ತೀರಿ. ಎಮ್ಮೆ ಕಟ್ಟುವ ತೆಂಗಿನ ನಾರಿನ ಹಗ್ಗ ಮುಖದ ಮೇಲೆ ಬೀಳುತ್ತದೆ. ಮುಂಗೈಗೆ ಸುತ್ತಿಕೊಳ್ಳುತ್ತೀರಿ. ಒರಟು ನಾರು ಚರ್ಮವನ್ನು ಕಚ್ಚುತ್ತದೆ. ಆ ನೋವಿನಷ್ಟು ಹಿತವಾದದ್ದನ್ನು ನೀವು ಈವರೆಗೆ ಮುಟ್ಟಿಲ್ಲ.

ಏರಿಯ ಮೇಲೆ ಬೋರಲು ಬಿದ್ದು ಕೆಮ್ಮುವಾಗ, ಕೃಷಿ ಹೊಂಡಕ್ಕೆ ಜಾರಿ ಮಕ್ಕಳು ಸತ್ತ ಸುದ್ದಿಗಳೆಲ್ಲ ನೆನಪಾಗುತ್ತವೆ. ಹೊಂಡಕ್ಕೆ ತಂತಿಬೇಲಿ ಏಕೆ ಬೇಕೆಂದು ಈಗ ನಿಮಗೆ ಯಾರೂ ಬಿಡಿಸಿ ಹೇಳಬೇಕಿಲ್ಲ. ಬೇಲಿಯ ಜೊತೆಗೆ, ಗಂಟು ಗಂಟು ಹಾಕಿದ ಒಂದು ಹಗ್ಗ ಪ್ರತಿ ಹೊಂಡದ ಬದಿಯಲ್ಲೂ ನೀರಿನವರೆಗೆ ಇಳಿಬಿದ್ದಿರಬೇಕು. ಓದುವವರ ಹೊಲದಲ್ಲಿ ಹೊಂಡವಿದ್ದರೆ ಇವತ್ತೇ ಕಟ್ಟಿ.

ಅಂಗೈ ನೋಡಿಕೊಳ್ಳುತ್ತೀರಿ. ಗೀರು ಕೂಡ ಇಲ್ಲ. ಹಾಳೆ ನಿಮ್ಮನ್ನು ಗಾಯ ಮಾಡುವಷ್ಟೂ ಹಿಡಿಯಲಿಲ್ಲ. ಇಳಿಜಾರು, ಪಾಚಿ, ನೀರು ಎಲ್ಲ ಸೇರಿಯೇ ನಿಮ್ಮನ್ನು ಜಾರಿಸಿದವು, ನಿಜ. ಆದರೆ ಅವುಗಳ ಅಡಿಯಲ್ಲಿ ಇನ್ನೊಂದು ಸಂಗತಿಯಿದೆ. ಏರಿಯ ಮೇಲಿನ ಒಣ ಹಾಳೆಗೆ ನಿಮ್ಮ ಕೂದಲಿಂದ ನೀರು ತೊಟ್ಟಿಕ್ಕುತ್ತಿದೆ. ತೊಟ್ಟು ಹರಡುವುದಿಲ್ಲ, ಗುಂಡಗೆ ಮುದುಡಿ ನಿಲ್ಲುತ್ತದೆ. ನೀರಿನ ಅಣುವಿನಲ್ಲಿ ಆಮ್ಲಜನಕವಿದೆ. ಆ ಅಣುವಿನ ತುದಿಗಳಲ್ಲಿ ಸಣ್ಣ ವಿದ್ಯುದಂಶಗಳಿವೆ. ಅಂಥದೇ ಇನ್ನೊಂದು ಸಿಕ್ಕರೆ ಅಂಟಿಕೊಳ್ಳುತ್ತದೆ. ತೆಂಗಿನ ನಾರಿನ ಮೈತುಂಬ ಆಮ್ಲಜನಕ–ಜಲಜನಕದ ಗುಂಪುಗಳು. ನಿಮ್ಮ ಚರ್ಮದಲ್ಲೂ ಅಷ್ಟೇ. ಪಾಲಿಥೀನಿನಲ್ಲಿ ಅಂಥದೊಂದೂ ಇಲ್ಲ. ಬರೀ ಇಂಗಾಲ, ಇಂಗಾಲಕ್ಕೆ ಎರಡೆರಡು ಜಲಜನಕ, ಮತ್ತೆ ಇಂಗಾಲ. ಒಂದು ಲಕ್ಷ ಅಣುತೂಕದ ಸರಪಳಿಯಲ್ಲಿ ಏಳು ಸಾವಿರಕ್ಕೂ ಮೀರಿದ ಇಂಗಾಲಗಳು ಹೀಗೇ ಸಾಗುತ್ತವೆ. ಎರಡು ತುದಿಗಳಲ್ಲಾದರೂ ಏನಾದರೂ ಇದ್ದೀತೇ ಎಂದು ಹುಡುಕಿದರೆ, ಅಲ್ಲೂ ಸಾಮಾನ್ಯವಾಗಿ ಸಿಗುವುದು ಒಂದು ಇಂಗಾಲ, ಮೂರು ಜಲಜನಕ. ಹಿಡಿಕೆಯೇ ಇಲ್ಲದ ಕೊಡ ಅದು. ಹಿಡಿಕೆ ಅಂದರೆ ರಸಾಯನದವರು ಹೇಳುವ ಕ್ರಿಯಾಗುಂಪು: ಇನ್ನೊಂದು ಅಣು ಬಂದು ಹಿಡಿಯಲು, ಬಂಧ ಕಟ್ಟಲು ಒಂದು ಜಾಗ.

ಮರುದಿನ ಬೆಳಿಗ್ಗೆ ಹೊಂಡದ ನೀರು ಇಳಿದಿದೆ. ನೀವು ಒದ್ದಾಡಿದಾಗ ಫುಟ್‌ವಾಲ್ವಿನ ಕಬ್ಬಿಣದ ಕ್ಲಾಂಪು ಹಾಳೆಯನ್ನು ಗೇಣುದ್ದ ಸೀಳಿದೆ.

ಚಿಕ್ಕಪ್ಪ ಸೈಕಲ್ ಪಂಕ್ಚರಿನ ಸಲ್ಯೂಷನ್ ತಂದಿದ್ದಾರೆ. ಹಚ್ಚುತ್ತಾರೆ, ಊದುತ್ತಾರೆ, ತೇಪೆ ಒತ್ತುತ್ತಾರೆ. ಒಣಗಿದ ಮೇಲೆ ನೀವು ಅಂಚು ಎತ್ತಿದರೆ ತೇಪೆ ಇಡಿಯಾಗಿ ಎದ್ದು ಬರುತ್ತದೆ. ಹಾಳೆಯ ಮೇಲೆ ಅಂಟಿನ ಗುರುತೂ ಉಳಿದಿಲ್ಲ. ಮನೆಯಲ್ಲಿದ್ದ ಇನ್ನೊಂದು ಗೋಂದೂ ಸೋಲುತ್ತದೆ. ಹಿಡಿಯಲು ಏನೂ ಇಲ್ಲದ ಮೇಲೆ ಅಂಟು ಏನನ್ನು ಹಿಡಿದೀತು?

ಉಳಿದಿರುವುದು ಬೆಂಕಿಯೊಂದೇ. ಇದ್ದಿಲ ಇಸ್ತ್ರಿ ಪೆಟ್ಟಿಗೆ ಕಾಯುತ್ತಿದೆ. ಸೀಳಿನ ಸುತ್ತ ಹಾಳೆಯನ್ನು ಒರೆಸಿ, ಒಣಗಿಸಿ, ಮರಳು ಕಾಗದದಿಂದ ಕೆರೆಯುತ್ತೀರಿ. ಹೊಸ ತುಂಡು ಇಟ್ಟು, ಮೇಲೆ ಹಳೆಯ ಪತ್ರಿಕೆ ಹಾಸಿ, ಪೆಟ್ಟಿಗೆ ಇಳಿಸುತ್ತೀರಿ. ಲೇಪದ ಪದರ ಕರಗುವುದು ಸುಮಾರು 110 ಡಿಗ್ರಿಗೆ. ಒಳಗಿನ ನೇಯ್ಗೆ 130ರ ಹತ್ತಿರ. ಈ ಇಪ್ಪತ್ತು ಡಿಗ್ರಿಯ ಸಂದಿಯಲ್ಲಿ ನಿಮ್ಮ ಕೆಲಸ ಮುಗಿಯಬೇಕು. ಕೈಲಿ ಥರ್ಮಾಮೀಟರಿಲ್ಲ, ಇರುವುದು ಮೂಗು. ಮೇಣದಬತ್ತಿಯ ವಾಸನೆ ಏಳುತ್ತದೆ. ಈಗಲೇ ಎತ್ತಲೇ? ಬೇಗ ಎತ್ತಿದರೆ ಸರಪಳಿಗಳು ಒಂದರೊಳಗೊಂದು ಹೊಕ್ಕಿರುವುದಿಲ್ಲ. ತಡವಾದರೆ ನೇಯ್ಗೆ ಮುದುಡಿ ತೂತು ದೊಡ್ಡದಾಗುತ್ತದೆ. ಮೇಣದ ವಾಸನೆಯ ಅಂಚಿಗೆ ಸುಟ್ಟ ಕಮಟು ಸೇರುತ್ತದೆ.

“ಎತ್ತು ಎತ್ತು ಎತ್ತು!”

ಎತ್ತುತ್ತೀರಿ. ತಣಿದ ಮೇಲೆ ಎಳೆದು ನೋಡಿದರೆ ಹಿಡಿದಿದೆ. ಒಂದು ಮೂಲೆಯನ್ನು ಬಿಟ್ಟು.

ಆ ಮೂಲೆ ಹಳೆಯ ನೀರಂಚಿಗಿಂತ ಮೇಲಿನದು, ವರ್ಷಗಟ್ಟಲೆ ಬಿಸಿಲು ತಿಂದದ್ದು. ಬೆರಳಾಡಿಸಿದರೆ ಬೂದು ಪುಡಿ ಕೈಗೆ ಬರುತ್ತದೆ, ಮಡಿಸಿದರೆ ಲಟ್ಟೆಂದು ಬಿರಿಯುತ್ತದೆ. ಅಲ್ಲಿ ನೀವು ಸರಿಯಾಗಿ ಕೆರೆದಿಲ್ಲ. ನಿಮ್ಮ ಬೆರಳಿಗೆ ಅಂಟಿರುವ ಆ ಪುಡಿಯಲ್ಲಿ ಹಿಡಿಕೆಗಳಿವೆ! ಸೂರ್ಯ ಹಚ್ಚಿದ ಹಿಡಿಕೆಗಳು.

ಅದು ಆಗುವುದು ಹೀಗೆ. ಶುದ್ಧ ಪಾಲಿಥೀನಿಗೆ ನೆಲ ಮುಟ್ಟುವ ಬಿಸಿಲಿನ ಅತಿನೇರಳೆ ಕಿರಣವನ್ನು ಹೀರುವ ಶಕ್ತಿಯೇ ಇಲ್ಲ. ಆದರೆ ಕಾರ್ಖಾನೆಯಲ್ಲಿ ಕರಗಿಸಿ ಹಾಳೆ ಮಾಡುವಾಗಲೇ ಅಲ್ಲೊಂದು ಇಲ್ಲೊಂದು ಇಂಗಾಲಕ್ಕೆ ಆಮ್ಲಜನಕ ಸೇರಿ ಕಾರ್ಬೊನಿಲ್ ಆಗಿರುತ್ತದೆ. ಕಿರಣ ಅದನ್ನು ಹುಡುಕಿಕೊಂಡು ಬರುತ್ತದೆ. ಕಾರ್ಬೊನಿಲ್ಲಿನ ಮಗ್ಗುಲಲ್ಲೇ ಸರಪಳಿ ತುಂಡಾಗುತ್ತದೆ. ಒಂದು ತುಂಡಿನ ತುದಿಯಲ್ಲಿ ಕೀಟೋನ್, ಇನ್ನೊಂದರ ತುದಿಯಲ್ಲಿ ಜೋಡಿಬಂಧ. ಆಮ್ಲಜನಕ ಮತ್ತಷ್ಟು ಸೇರಿದರೆ ಆಮ್ಲದ ಗುಂಪು. ಹೊಸ ಕಾರ್ಬೊನಿಲ್ ಮತ್ತೆ ಕಿರಣ ಹೀರುತ್ತದೆ, ಮತ್ತೆ ತುಂಡು. ಹಾಳೆಯನ್ನು ಕಪ್ಪು ಮಾಡುವ ಇಂಗಾಲದ ಪುಡಿ ಕಿರಣಗಳನ್ನು ತಾನೇ ನುಂಗಿ ಈ ಕೆಲಸವನ್ನು ವರ್ಷಗಟ್ಟಲೆ ತಡೆಯುತ್ತದೆ, ಕೊನೆಯವರೆಗೂ ಅಲ್ಲ. ಪ್ರಯೋಗಾಲಯದಲ್ಲಿ ಈ ಪುಡಿಗೆ ಅತಿಗೆಂಪು ಬೆಳಕು ಹಾಯಿಸಿದರೆ ಸೆಂಟಿಮೀಟರಿಗೆ 1715 ಅಲೆಗಳ ಆಸುಪಾಸಿನಲ್ಲಿ ಒಂದು ಶಿಖರ ಏಳುತ್ತದೆ. ಅದು ಕಾರ್ಬೊನಿಲ್ಲಿನ ಸಹಿ.

ಅಂದರೆ ಸೂರ್ಯ ಸರಪಳಿಯ ತುದಿಗೆ ಕ್ರಿಯಾಗುಂಪು ಕೊಡುತ್ತಾನೆ, ಆದರೆ ಸರಪಳಿಯನ್ನು ಕಡಿದು ಕಡಿದು ಕೊಡುತ್ತಾನೆ. ಹಿಡಿಕೆ ಬರುವ ಹೊತ್ತಿಗೆ ಹಾಳೆಯೇ ಹೋಗಿರುತ್ತದೆ.

ಮನುಷ್ಯರು ಇದನ್ನೇ ತುಸು ಹದವಾಗಿ ಮಾಡಿದ್ದನ್ನು ನೀವು ದಿನವೂ ಕೈಯಲ್ಲಿ ಹಿಡಿಯುತ್ತೀರಿ. ಕೆ.ಆರ್. ನಗರದ ಬಸ್ ನಿಲ್ದಾಣದ ಅಂಗಡಿಯಲ್ಲಿ ಬೆಳಗಿನ ಜಾವ ನಂದಿನಿ ಹಾಲಿನ ಪೊಟ್ಟಣ ತೊಟ್ಟಿಕ್ಕುತ್ತಿರುತ್ತದೆ. ಒದ್ದೆ ಕೈಯಲ್ಲಿ ಉಜ್ಜಿದರೂ ಮೇಲಿನ ಅಕ್ಷರ ಅಳಿಯುವುದಿಲ್ಲ. ಏಕೆಂದರೆ ಇಂಥ ಪಾಲಿಥೀನ್ ಹಾಳೆಯನ್ನು ಮುದ್ರಿಸುವ ಮೊದಲು ವಿದ್ಯುತ್ ಕಿಡಿಯ ಕೆಳಗೆ ಹಾಯಿಸುತ್ತಾರೆ. ಚಿಟಚಿಟ ಸದ್ದು, ನೇರಳೆ ಬೆಳಕು, ಮೂಗಿಗೆ ಹತ್ತುವ ಓಝೋನಿನ ಚುರುಕು ವಾಸನೆ. ಮೇಲ್ಮೈಯ ಸರಪಳಿಗಳಿಗೆ ಮಾತ್ರ ಆಮ್ಲಜನಕದ ಗುಂಪುಗಳು ಸೇರುತ್ತವೆ, ಶಾಯಿ ಹಿಡಿಯುತ್ತದೆ. ಆದರೆ ಇಲ್ಲೂ ಗುಂಪು ಎಲ್ಲಿ ಕೂರಬೇಕೆಂದು ಯಾರೂ ಹೇಳಿಲ್ಲ; ಕಿಡಿ ಬಿದ್ದಲ್ಲಿ ಕೂತಿದೆ.

ಸರಪಳಿಯನ್ನು ಎಲ್ಲೂ ಮುರಿಯದೆ, ನಡುವೆ ಎಲ್ಲೂ ಕೆಡಿಸದೆ, ತುದಿಯಲ್ಲಿ, ತುದಿಯಲ್ಲಿ ಮಾತ್ರ, ಒಂದೇ ಒಂದು ಹಿಡಿಕೆ ಇಡಬೇಕೆಂದರೆ? ಅದಕ್ಕೆ ಹೊಂಡದ ಬದಿಯಿಂದ ಏಳಬೇಕು. ಬನ್ನಿ.

ಫ್ರಾನ್ಸಿನ ಲಿಯಾನ್. ಇಲ್ಲಿನ ರಸಾಯನ ವಿಜ್ಞಾನಿಗಳಾದ ಕ್ರಿಸ್ತೋಫ್ ಬ್ವಾಸೋಂ, ಫ್ರಾಂಕ್ ಡಾಗೊಸ್ತೊ ಮತ್ತು ಸಂಗಡಿಗರು 2008ರಲ್ಲಿ ಪ್ರಕಟಿಸಿದ ದಾರಿಯಲ್ಲಿ ನೀವು ನಡೆಯಲಿದ್ದೀರಿ. ನಿಮ್ಮೆರಡೂ ತೋಳುಗಳು ಗಾಜಿನ ಪೆಟ್ಟಿಗೆಗೆ ಬಿಗಿದ ದಪ್ಪ ರಬ್ಬರ್ ಕೈಗವಸುಗಳೊಳಗಿವೆ. ಪೆಟ್ಟಿಗೆಯೊಳಗೆ ಆರ್ಗಾನ್ ಅನಿಲ. ಅದರ ಒತ್ತಡಕ್ಕೆ ಕೈಗವಸು ನಿಮ್ಮ ಬೆರಳುಗಳನ್ನು ಹೊರಕ್ಕೆ ದೂಡುತ್ತಿದೆ. ಬೆವರು ಮೊಣಕೈಯಲ್ಲಿ ಜಿನುಗುತ್ತಿದೆ, ಒರೆಸಿಕೊಳ್ಳಲಾಗದು. ಮುಂದಿರುವ ಸೀಸೆಯಲ್ಲಿ ಮೆಗ್ನೀಸಿಯಂ ಸಂಯುಕ್ತ, ಒಂದೊಂದು ಮೆಗ್ನೀಸಿಯಂ ಪರಮಾಣುವಿಗೂ ಎರಡು ಪುಟ್ಟ ಇಂಗಾಲದ ಬಾಲ. ನೀರು ಸೋಕಿದರೆ ಸಿಡುಕುವ ವಸ್ತು. ಇದರ ಹಿರಿಯ ಸಂಬಂಧಿ ಟ್ರೈಈಥೈಲ್ ಅಲ್ಯುಮಿನಿಯಂ ಗಾಳಿ ಕಂಡರೆ ಸಾಕು, ತಾನೇ ಹೊತ್ತಿಕೊಳ್ಳುತ್ತದೆ. ಜರ್ಮನಿಯ ಕಾರ್ಲ್ ಸೀಗ್ಲರ್ ಅದೇ ಅಲ್ಯುಮಿನಿಯಂ ಮೇಲೆ, ಪಾಲಿಥೀನಿನ ಕೊಂಡಿಯಾದ ಎಥಿಲೀನನ್ನು ಸರಪಳಿಯಾಗಿ ಬೆಳೆಸಿ, ಕೊನೆಗೆ ಹದವಾಗಿ ಗಾಳಿ ಕೊಟ್ಟು, ತುದಿಯಲ್ಲಿ ಆಮ್ಲಜನಕವಿರುವ ಉದ್ದ ಆಲ್ಕೊಹಾಲುಗಳನ್ನು ಮಾಡಲು ಸಾಧ್ಯವೆಂದು ತೋರಿಸಿದರು. ಇಂಥ ಆಲ್ಕೊಹಾಲುಗಳಿಂದ ಇವತ್ತಿಗೂ ಮಾರ್ಜಕಗಳು ತಯಾರಾಗುತ್ತವೆ. ಸರಪಳಿಯ ತುದಿಗೆ ಗುಂಪು ಹಚ್ಚುವ ವಿದ್ಯೆ ಬಟ್ಟೆ ಒಗೆಯುವ ಕಲ್ಲಿನವರೆಗೂ ಬಂದಿದೆ, ನಮಗೆ ಯಾರೂ ಹೇಳಿಲ್ಲ ಅಷ್ಟೆ.

ಟೊಲುವೀನ್ ತುಂಬಿದ ಪಾತ್ರೆ 75 ಡಿಗ್ರಿಗೆ ಬಂದಿದೆ. ಮೆಗ್ನೀಸಿಯಂ ಇಳಿಸುತ್ತೀರಿ. ಚಿಟಿಕೆಯಷ್ಟು ನಿಯೋಡಿಮಿಯಂ ಕ್ರಿಯಾವರ್ಧಕ ಇಳಿಸುತ್ತೀರಿ. ಎಥಿಲೀನ್ ಕೊಳಾಯಿ ತಿರುಗಿಸುತ್ತೀರಿ. ಹಿಸ್ಸ್ ಎಂದು ಅನಿಲ ಹೊಗುತ್ತದೆ. ಕಣ್ಣಿಗೆ ಏನೂ ಕಾಣದು. ಆದರೆ ಒಳಗೆ ನಿಯೋಡಿಮಿಯಂ ಒಂದೊಂದೇ ಎಥಿಲೀನನ್ನು ಸರಪಳಿಗೆ ಸೇರಿಸುತ್ತದೆ. ಬೆಳೆದ ಸರಪಳಿಯನ್ನು ಮೆಗ್ನೀಸಿಯಂಗೆ ಒಪ್ಪಿಸಿ, ಅಲ್ಲಿನ ಚಿಕ್ಕದನ್ನು ತಾನು ಎತ್ತಿಕೊಳ್ಳುತ್ತದೆ. ಈ ಕೊಡು-ಕೊಳ್ಳುವಿಕೆ ಎಷ್ಟು ಬೇಗ ನಡೆಯುತ್ತದೆಂದರೆ ಎಲ್ಲ ಸರಪಳಿಗಳೂ ಸರಿಸುಮಾರು ಒಂದೇ ಅಳತೆಗೆ ಬೆಳೆಯುತ್ತವೆ, ಪ್ರತಿಯೊಂದರ ಒಂದು ತುದಿಯೂ ಜೀವಂತ ಲೋಹಕ್ಕೆ ಕಟ್ಟಿಕೊಂಡೇ ಇರುತ್ತದೆ.

ತಾಪಮಾನ 76. 78. ಸರಪಳಿ ಬೆಳೆದಂತೆ ಶಾಖ ಹೊಮ್ಮುತ್ತಿದೆ. 80. ಅನಿಲ ತಗ್ಗಿಸುತ್ತೀರಿ. 81. ಕತ್ತಿನ ಹಿಂದೆ ನರ ಬಿಗಿಯುತ್ತದೆ. ತಣ್ಣೀರಿನ ಕವಾಟ ತೆರೆಯುತ್ತೀರಿ. 79. 76. ಉಸಿರು ಬಿಡುತ್ತೀರಿ.

ಆಗ ದ್ರಾವಣ ಮಸುಕಾಗತೊಡಗುತ್ತದೆ. ಸರಪಳಿ ಉದ್ದವಾದಷ್ಟೂ ಟೊಲುವೀನಿನಲ್ಲಿ ಕರಗಿರಲಾರದು, ಬಿಳಿಯಾಗಿ ಕೆಳಗಿಳಿಯುತ್ತದೆ. ಈಗ ನಿಲ್ಲಿಸಬೇಕೇ, ಇನ್ನೂ ಬೆಳೆಸಬೇಕೇ? ಬೆಳೆಸಿದರೆ ನಿಜವಾದ ಪಾಲಿಥೀನಿಗೆ ಇನ್ನೊಂದು ಹೆಜ್ಜೆ ಹತ್ತಿರ. ಆದರೆ ಗಟ್ಟಿಯಾಗಿ ಕೂತ ಸರಪಳಿಯೊಳಗೆ ಲೋಹ ಹೂತುಹೋದರೆ, ನೀವು ಕೊಡುವ ಗುಂಪು ಅದನ್ನು ತಲುಪುವುದಿಲ್ಲ. ನಿಲ್ಲಿಸುತ್ತೀರಿ. ಸರಪಳಿಯ ತೂಕ ಎರಡು ಸಾವಿರದ ಸುತ್ತ, ಅಂದರೆ ನೂರ ನಲವತ್ತು ಇಂಗಾಲಗಳು.

ಇನ್ನು ನಿಜವಾದ ಆಯ್ಕೆ. ಲೋಹ ಕಟ್ಟಿದ ತುದಿ ಏನನ್ನು ಕಂಡರೂ ಹಿಡಿಯಲು ಹಸಿದು ಕೂತಿದೆ. ಇಂಗಾಲದ ಡೈಆಕ್ಸೈಡ್ ಕೊಟ್ಟು ಆಮ್ಲ ಹಾಕಿದರೆ ತುದಿಯಲ್ಲಿ ಕಾರ್ಬಾಕ್ಸಿಲಿಕ್ ಗುಂಪು. ಅಯೋಡಿನ್ ಕೊಟ್ಟರೆ ಅಯೋಡಿನ್. ಅದನ್ನು ಮುಂದೆ ಅಜೈಡ್ ಮಾಡಬಹುದು, ಅಮೈನ್ ಮಾಡಬಹುದು, ಬೇರೊಂದು ಪಾಲಿಮರಿಗೆ ಕಟ್ಟಬಹುದು. ನೀರಿನ ಪಸೆ ಒಳಹೊಕ್ಕರೆ? ತುದಿಗೆ ಒಂದು ಜಲಜನಕ ಸೇರಿ, ಸರಪಳಿ ಮತ್ತೆ ಬೋಳು. ಹೊಂಡದ ಹಾಳೆಯದೇ ರಸಾಯನ. ಕೊಳಾಯಿಯ ಒಂದು ಸಡಿಲ ತಿರುಪು ಸಾಕು, ಇಷ್ಟೂ ಕೆಲಸ ಮುಗಿಯಿತು.

ಪಾತ್ರೆಯನ್ನು ತಣಿಸಿ, ಅಯೋಡಿನ್ ದ್ರಾವಣವನ್ನು ಹನಿ ಹನಿಯಾಗಿ ಬಿಡುತ್ತೀರಿ. ಕಡು ಕಂದು ಹನಿ ಬೀಳುತ್ತದೆ, ಮಾಯವಾಗುತ್ತದೆ. ಇನ್ನೊಂದು, ಅದೂ ಮಾಯ. ಮೆಗ್ನೀಸಿಯಂ ನುಂಗುತ್ತಿದೆ; ಅಂದರೆ ತುದಿಗಳು ಜೀವಂತವಾಗಿವೆ! ಹನಿಗಳ ಬಣ್ಣ ನಿಧಾನವಾಗಿ ಮಾಸುತ್ತದೆ, ಕೊನೆಗೊಂದು ಹನಿ ಮಾಸದೆ ನಿಲ್ಲುತ್ತದೆ. ಸಾಕು.

ಸೋಸಿ ತೊಳೆದ ಬಿಳಿ ಪುಡಿಯನ್ನು, ಅಣುವಿನಲ್ಲಿ ಯಾವ ಜಲಜನಕ ಎಲ್ಲಿದೆಯೆಂದು ತೋರಿಸುವ ಎನ್‌ಎಂಆರ್ ಯಂತ್ರಕ್ಕೆ ಇಡುತ್ತೀರಿ. ತಣ್ಣಗಿದ್ದರೆ ಕರಗದ ವಸ್ತುವಾದ್ದರಿಂದ 90 ಡಿಗ್ರಿಯ ಬಿಸಿಯಲ್ಲೇ ನೋಡಬೇಕು. ಪರದೆಯ ಮೇಲೆ ಮೊದಲು ಏಳುವುದು ಒಂದು ದೈತ್ಯ ಶಿಖರ, ಸರಪಳಿಯ ನಡುವಿನ ಇಂಗಾಲಗಳಿಗೆ ಕಟ್ಟಿರುವ ಜಲಜನಕಗಳದು. ಅದನ್ನು ದಾಟಿ, ಹಿಗ್ಗಿಸಿ, ಇನ್ನೂ ಹಿಗ್ಗಿಸಿ ನೋಡಿದರೆ ಮೂರು ಮೊನೆಯ ಒಂದು ಪುಟ್ಟ ಗುರುತು: ಅಯೋಡಿನ್ ಪಕ್ಕದ ಇಂಗಾಲದ ಮೇಲಿರುವ ಎರಡು ಜಲಜನಕಗಳು. ಹಿಡಿಕೆ ಕೂತಿದೆ, ಬೇಕಾದಲ್ಲಿ.

ಇದರಿಂದ ಪಿರಿಯಾಪಟ್ಟಣಕ್ಕೇನು ಎಂದು ಚಿಕ್ಕಪ್ಪ ಕೇಳಿದರೆ, ಅವರ ಮನೆಯ ಮೂಲೆಯಲ್ಲಿರುವ ಗೊಬ್ಬರದ ಚೀಲವನ್ನು ತೋರಿಸಿ. ಹೊರಗಿನ ನೇಯ್ಗೆ ಪಾಲಿಪ್ರೊಪಿಲೀನ್, ಒಳಗಿನ ತೆಳು ಪದರ ಪಾಲಿಥೀನ್. ಎರಡೂ ಬರೀ ಇಂಗಾಲ, ಜಲಜನಕ. ಆದರೂ ಜೊತೆಯಾಗಿ ಕರಗಿಸಿದರೆ ಒಂದನ್ನೊಂದು ಹಿಡಿಯುವುದಿಲ್ಲ, ತಣಿದ ಮೇಲೆ ಗಡಿಯಲ್ಲೇ ಮುರಿಯುತ್ತವೆ. 2017ರಲ್ಲಿ ಅಮೆರಿಕದ ಕಾರ್ನೆಲ್ ಮತ್ತು ಮಿನೆಸೋಟ ವಿಶ್ವವಿದ್ಯಾಲಯಗಳವರು ಎರಡೂ ಬಗೆಯ ತುಂಡುಗಳನ್ನು ಒಂದೇ ಸರಪಳಿಯಲ್ಲಿ ಹೊಂದಿರುವ ಪಾಲಿಮರನ್ನು ಸ್ವಲ್ಪವೇ ಬೆರೆಸಿ, ಆ ಮಿಶ್ರಣವನ್ನು ಗಟ್ಟಿ ಪ್ಲಾಸ್ಟಿಕ್ಕಾಗಿಸಿ ತೋರಿಸಿದರು. ಅವರು ಬಳಸಿದ ದಾರಿ ಬೇರೆ. ಆದರೆ ತುದಿಯಲ್ಲಿ ಹಿಡಿಕೆಯಿರುವ ಪಾಲಿಥೀನ್ ಕೈಲಿದ್ದರೆ, ನೈಲಾನಿಗೋ ಪಾಲಿಯೆಸ್ಟರಿಗೋ ಅದನ್ನು ಕಟ್ಟಿ, ಗುಜರಿಯವರು ಬೇಡವೆಂದು ತಳ್ಳುವ ಪದರಪದರದ ಪೊಟ್ಟಣಗಳನ್ನೂ ಒಟ್ಟಿಗೆ ಕರಗಿಸುವ ಆಸೆ ಇಟ್ಟುಕೊಳ್ಳಬಹುದು. ನನಗೆ ಈ ರಸಾಯನದಲ್ಲಿ ಎಲ್ಲಕ್ಕಿಂತ ಬೆಲೆಯುಳ್ಳದ್ದಾಗಿ ಕಾಣುವುದು ಅದೇ.

ಅಡ್ಡಿಯೂ ಎದುರಿಗೇ ಇದೆ. ನಿಮ್ಮ ಸರಪಳಿಯಲ್ಲಿ ನೂರ ನಲವತ್ತು ಇಂಗಾಲ. ಹೊಂಡದ ಹಾಳೆಯದರಲ್ಲಿ ಸಾವಿರಗಟ್ಟಲೆ. ಉದ್ದ ಬೆಳೆಸಿದರೆ ಸರಪಳಿ ದ್ರಾವಣದಿಂದ ಇಳಿದುಬಿಡುತ್ತದೆ. ಇಳಿಯದಂತೆ ಶಾಖ ಏರಿಸಿದರೆ ಕ್ರಿಯಾವರ್ಧಕ ತಡೆದುಕೊಳ್ಳಬೇಕು, ಮೆಗ್ನೀಸಿಯಂ ಕೂಡ ತನ್ನ ಸರಪಳಿಯನ್ನು ನಡುದಾರಿಯಲ್ಲಿ ಬಿಟ್ಟುಬಿಡಬಾರದು. ಹೊಸ ಪಾತ್ರೆಯನ್ನು ಒಣಗಿಸಿ, ಆರ್ಗಾನ್ ತುಂಬಿಸಿ, ಈ ಸಲ ತಾಪಮಾನದ ಗುಂಡಿಯನ್ನು ಐದು ಡಿಗ್ರಿ ಮೇಲಕ್ಕೆ ತಿರುಗಿಸುತ್ತೀರಿ.